ಮುಂಗೈಗೆ ಒತ್ತಿದ ರಾಶಿ ಮುದ್ರೆ

ಕೊಲ್ಲಾಪುರಮ್ಮ ಯಾರನ್ನೂ ನಂಬಿದವಳಲ್ಲ. ಬುಕ್ಕಾಪಟ್ಟಣದ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಅವಳ ಅನುಮಾನದಿಂದ ತಪ್ಪಿಸಿಕೊಂಡವರೇ ಇರಲಿಲ್ಲ. ಸುಗ್ಗಿಯಲ್ಲಿ ಕಣದ ರಾಗಿ ರಾಶಿಗೆ ಮರದ ಮುದ್ರೆಯಿಂದ ಬೂದಿಯ ಗುರುತು ಒತ್ತುವುದು ಎಲ್ಲರೂ ಮಾಡುವುದೇ. ಗುರುತು ಕೆಟ್ಟಿದ್ದರೆ ಯಾರೋ ರಾಶಿಗೆ ಕೈ ಹಾಕಿದ್ದಾರೆಂದು ತಿಳಿಯುತ್ತದೆ. ಈ ಮಹಾತಾಯಿ ಮುದ್ರೆ ಒತ್ತಿದ ಮೇಲೂ ಕಣದಲ್ಲೇ ಮಲಗುತ್ತಿದ್ದಳು.

ಮಹಾರಾಜರ ಸರ್ಕಾರ ಹನುಮಂತರಾಯನ ಗುಡಿಯ ಪಕ್ಕದ ಮಂಟಪದಲ್ಲಿ ಶಾಲೆ ತೆರೆದಾಗ ಊರಿಗೆ ಊರೇ ಕೊಲ್ಲಾಪುರಮ್ಮನಂತಾಯಿತು. ಬಿಟ್ಟಿಯಾಗಿ ಅಕ್ಷರ ಕಲಿಸುತ್ತಾರೆಂದರೆ ನಂಬುವವರು ಯಾರು? ಹೆಸರು ಬರೆದುಕೊಂಡು ಆಮೇಲೆ ಕಂದಾಯ ಹಾಕುತ್ತಾರಂತೆ, ಪ್ಲೇಗಿನ ಸೂಜಿ ಚುಚ್ಚುತ್ತಾರಂತೆ ಎಂದು ಬಾವಿಕಟ್ಟೆಯಲ್ಲಿ ಗುಸುಗುಸು ನಡೆಯಿತು. ನಾಲ್ಕಾರು ಅನುಕೂಲಸ್ಥರ ಮಕ್ಕಳು ಬಿಟ್ಟರೆ ಮತ್ಯಾರೂ ಆ ಕಡೆ ಸುಳಿಯಲಿಲ್ಲ.

ಆಗ ಜಂಗಮರಾದ ಅಡವಯ್ಯನವರು ಜೋಳಿಗೆ ಹಿಡಿದು ಮನೆಮನೆಗೆ ಬಂದರು. ಕೊಲ್ಲಾಪುರಮ್ಮ ಹಿಟ್ಟು ತಂದರೆ ಜೋಳಿಗೆಯ ಬಾಯಿ ಮುಚ್ಚಿಕೊಂಡರು.

"ಹಿಟ್ಟು ಬ್ಯಾಡ ಕಣವ್ವ. ನಿನ್ ಮೊಮ್ಮಗಳನ್ನ ಇಸ್ಕೂಲಿಗೆ ಕಳ್ಸು. ಅದೇ ನನ್ಗೆ ಭಿಕ್ಷೆ."

ಜಂಗಮರನ್ನು ಬಾಗಿಲಿಂದ ಬರಿಗೈಯಲ್ಲಿ ಕಳಿಸುವ ಧೈರ್ಯ ಅವಳಿಗೂ ಇರಲಿಲ್ಲ. ಈ ಅಯ್ಯನಿಗೆ ಇದರಲ್ಲಿ ಏನು ಗಿಟ್ಟುತ್ತದೋ ಎಂದು ಗೊಣಗುತ್ತಲೇ ಒಪ್ಪಿಕೊಂಡಳು. ಮೊಮ್ಮಗಳು ನರಸಮ್ಮ ತಂದೆತಾಯಿ ಇಲ್ಲದ ಕೂಸು, ಕುರಿ ಕಾಯುತ್ತಿದ್ದಳು. ಮುದುಕಿಗೆ ತನ್ನವರು ಅಂತ ಇದ್ದದ್ದು ಅವಳೊಬ್ಬಳೇ.

ಕೊಲ್ಲಾಪುರಮ್ಮ ಬೂದಿಗೆ ಹರಳೆಣ್ಣೆ ಕಲಸಿ, ಹುಡುಗಿಯ ಬಲ ಮುಂಗೈಯ ಅಡಿಗೆ ರಾಶಿ ಮುದ್ರೆಯನ್ನು ಒತ್ತಿ ಮೊದಲು ಒಂದು ದಿನ ಕುರಿ ಹಿಂದೆ ಕಳಿಸಿ ನೋಡಿದಳು. ಸಂಜೆಗೂ ಗುರುತು ಹಾಗೇ ಇತ್ತು. ಮರುದಿನ ಹೊಸದಾಗಿ ಒತ್ತಿ ಶಾಲೆಗೆ ಕಳಿಸಿದಳು. ಗುರುತು ಅಳಿಸಿತೋ, ಕೈ ಒರೆಸಿ ಸೂಜಿ ಚುಚ್ಚಿದ್ದಾರೆ ಎಂದೇ ಲೆಕ್ಕ. ಮತ್ತೆ ಕುರಿಯೇ ಗತಿ ಎಂದು ಹೆದರಿಸಿದ್ದಳು.

ಸಂಜೆ ನೋಡಿದರೆ ಮುಂಗೈಯಲ್ಲಿ ಗುರುತೇ ಇಲ್ಲ. ಹುಡುಗಿ ತನಗೇನೂ ಗೊತ್ತಿಲ್ಲವೆಂದು ಅತ್ತಳು. ಕಳ್ಳರನ್ನು ಕೈಯಾರೆ ಹಿಡಿಯಬೇಕೆಂದು ಮುದುಕಿ ಬೆಳಿಗ್ಗೆ ಮತ್ತೆ ಮುದ್ರೆ ಒತ್ತಿ ಕಳಿಸಿ, ಹಿಂದೆಯೇ ಹೋಗಿ ಮಂಟಪದ ಕಂಬದ ಮರೆಯಲ್ಲಿ ನಿಂತಳು.

ನೆಲದ ಮೇಲೆ ಮರಳು ಹರಡಿತ್ತು. ನರಸಮ್ಮ ಮಂಡಿಯೂರಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದಳು. ಎಳೆದ ಪ್ರತಿ ಗೆರೆಗೂ ಮುಂಗೈ ಮರಳಿಗೆ ಉಜ್ಜುತ್ತಿತ್ತು. ಮುದುಕಿ ನೋಡಿದಷ್ಟು ನೋಡಿ ಮನೆಗೆ ಬಂದಳು.

ಮುದ್ರೆ ಒತ್ತುವುದನ್ನು ಮಾತ್ರ ಅವಳು ಬಿಡಲಿಲ್ಲ. ಕೊಲ್ಲಾಪುರಮ್ಮನೇ ಒಪ್ಪಿದ್ದಾಳೆಂದರೆ ಮೋಸವಿರಲಾರದು ಎಂದು ಅವಳ ಕೇರಿಯ ಹೆಂಗಸರೂ ತಮ್ಮ ಮಕ್ಕಳನ್ನು ಕರೆತಂದು ಮುದ್ರೆ ಒತ್ತಿಸಿ ಶಾಲೆಗೆ ಕಳಿಸತೊಡಗಿದರು. ಸಂಜೆ ಅವಳ ಜಗಲಿಯಲ್ಲಿ ಕೈ ತೋರಿಸಬೇಕು. ಗುರುತು ಉಳಿದಿದ್ದರೆ ಹುಡುಗ ಶಾಲೆ ತಪ್ಪಿಸಿ ಸೀತಾಫಲದ ಗುಡ್ಡಕ್ಕೆ ಹೋಗಿದ್ದನೆಂದೇ ಅರ್ಥ. ಅವನಿಗೆ ಅಲ್ಲೇ ಪೂಜೆಯಾಗುತ್ತಿತ್ತು.

ಒಂದು ಸಂಜೆ ಕೇರಿಯ ಮಕ್ಕಳೆಲ್ಲರ ಕೈಯಲ್ಲೂ ಗುರುತು ಹಾಗೇ ಇತ್ತು, ನರಸಮ್ಮನ ಕೈಯಲ್ಲೂ. ಅಷ್ಟು ಮಕ್ಕಳು ಒಟ್ಟಿಗೆ ಶಾಲೆ ತಪ್ಪಿಸಲಾರರು. ಮುದುಕಿ ಬಿಡದೆ ಕೇಳಿದ್ದಕ್ಕೆ ನರಸಮ್ಮ ಬಾಯಿ ಬಿಟ್ಟಳು. ಕೇರಿಯ ಮಕ್ಕಳ ಜೊತೆ ತಮ್ಮ ಮಕ್ಕಳು ಒಂದೇ ಮರಳಿನಲ್ಲಿ ಬರೆಯುವುದು ಬೇಡವೆಂದು ಅನುಕೂಲಸ್ಥರು ಹೇಳಿದ್ದರಂತೆ. ಮೇಷ್ಟ್ರು ಇವರನ್ನು ಗೋಡೆಯ ಪಕ್ಕ ಸುಮ್ಮನೆ ಕೂರಿಸಿದ್ದರು. ನಾಳೆಯಿಂದ ತಾನು ಕುರಿ ಕಾಯುತ್ತೇನೆ ಎಂದಳು ಹುಡುಗಿ. ಮುದುಕಿ ಆ ರಾತ್ರಿಯೇ ಕೇರಿಯ ಮನೆಮನೆಗೂ ಹೋಗಿ ಬಂದಳು.

ಬೆಳಿಗ್ಗೆ ಕೇರಿಯ ಹೆಂಗಸರು ಹಳ್ಳದಿಂದ ಮಂಕರಿ ಮಂಕರಿ ಮರಳು ಹೊತ್ತು ಬಂದು ಗೋಡೆಯ ಪಕ್ಕ ಸುರಿದರು. ಅಡವಯ್ಯನವರೂ ಜೋಳಿಗೆ ತುಂಬ ಮರಳು ತಂದಿದ್ದರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕೊಲ್ಲಾಪುರಮ್ಮ ಹೇಳಿದಳು:

"ಮಳ್ಳೂ ನಮ್ದೇ, ಮಕ್ಳೂ ನಮ್ದೇ. ಬರ್ಸಿ ಸ್ವಾಮಿ. ಸಂಜಿಕೆ ಕೈ ನೋಡ್ತೀನಿ."

ಸಂಜೆ ಮಕ್ಕಳು ಜಗಲಿಯಲ್ಲಿ ಸಾಲಾಗಿ ನಿಂತು ಕೈ ಚಾಚಿದರು. ಅವಳು ಒಂದೊಂದು ಕೈಯನ್ನೂ ದೀಪಕ್ಕೆ ಹಿಡಿದು, ತಿರುಗಿಸಿ ನೋಡಿದಳು. ಒಂದರ ಮೇಲೂ ಗುರುತು ಇರಲಿಲ್ಲ.