ಹೆಸರು ಸಿಗದ ಕಾರಿನ ಸದ್ದು

ಮೊನ್ನೆ ಬೈಕಿಗೊಂದು ಮಡ್‌ಗಾರ್ಡ್ ಹುಡುಕಿಕೊಂಡು ಆಲೂರಿನ ಗುಜರಿ ಅಂಗಡಿಗೆ ಹೋಗಿದ್ದೆ. ನನ್ನ ಬೈಕಿನ ಬಿಡಿಭಾಗ ಗುಜರಿಯಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು. ರಾಶಿಯಿಂದ ಹಳೆಯ ತಗಡೊಂದನ್ನು ಎಳೆದೆ, ಅಂಗೈ ಕೆಂಪಾಯಿತು. ಮೂಸಿದರೆ ತುಕ್ಕಿನ ವಾಸನೆ. ಅದರ ಹಿಂದೆಯೇ, ಅಲ್ಲಿ ಇಲ್ಲದ ಕೋಳಿ ಹಿಕ್ಕೆಯ ವಾಸನೆಯೂ ಬಂದಂತಾಯಿತು... ಡ್ರೈವರಜ್ಜ ನೆನಪಾದರು.

ಅಪ್ಪ ಬೆಳಗೋಡಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಅಜ್ಜ ನಮ್ಮ ಪಕ್ಕದ ಮನೆಯವರು. ಎಸ್ಟೇಟಿನ ಜೀಪು ಓಡಿಸಿ ದಣಿದು ಕೂತವರು. ಸ್ಟೋರಿನ ಹಿಂದೆ ಲಂಟಾನ ಪೊದೆಯಲ್ಲಿ ಹಳೇ ಕಾರೊಂದರ ಬರೀ ಬಾಡಿ ಬಿದ್ದಿತ್ತು. ಚಕ್ರವಿಲ್ಲ, ಸೀಟಿಲ್ಲ, ಒಳಗೆ ಕೋಳಿಗಳ ಸಂಸಾರ. ಅಜ್ಜನ ಅಪ್ಪ ಎಸ್ಟೇಟಿನ ಹಿಂದಿನ ದೊರೆಗೆ ಓಡಿಸುತ್ತಿದ್ದ ಕಾರು ಅದು. ಅಜ್ಜ ತೀರಾ ಚಿಕ್ಕವರಿದ್ದಾಗಲೇ ಆ ಅಪ್ಪ ತೀರಿಕೊಂಡರಂತೆ. ಫೋಟೊ ಇಲ್ಲ, ಮುಖ ನೆನಪಿಲ್ಲ. ಅಪ್ಪನ ತೊಡೆಯ ಮೇಲೆ ಕೂತು ಕೇಳಿದ ಇಂಜಿನ್ ಸದ್ದೊಂದೇ ಅಜ್ಜನ ಬಳಿ ಉಳಿದಿದ್ದ ಅಪ್ಪ.

“ಇದ್ಯಾವ ಕಂಪ್ನಿ ಗಾಡಿ ಅಂತ ಹುಡುಕ್ಕೊಡೋ. ಅಂಥದೇ ಇನ್ನೊಂದು ಎಲ್ಲಾದ್ರೂ ಓಡ್ತಾ ಇರ್ತದೆ. ಒಂದ್ಸಲ ಆ ಸದ್ದು ಕೇಳ್ಬುಟ್ಟು ಬತ್ತೀನಿ,” ಅಂದರು ಅಜ್ಜ ಒಂದು ದಿನ ನನಗೆ.

ಆದರೆ ಆ ಎಸ್ಟೇಟಿನಲ್ಲಿ ಯಾವ ವಸ್ತುವೂ ಒಂದೇ ಜಾತಿಯದಾಗಿ ಉಳಿದದ್ದಿಲ್ಲ. ಇಂಜಿನ್ನನ್ನು ಕಾಫಿಹಣ್ಣು ಸುಲಿಯುವ ಪಲ್ಪರಿಗೆ ಜೋಡಿಸಿ, ಸುಟ್ಟು, ಮಾರಿಯಾಗಿತ್ತು. ದೀಪ ಲಾರಿಯದು, ಬಂಪರ್ ಜೀಪಿನದು. ಮೂತಿಯಲ್ಲಿ ಹೆಸರಿನ ಬಿಲ್ಲೆ ಇರಬೇಕಾದಲ್ಲಿ ಎರಡು ತೂತು. ಹಳೇ ಕಾರಿನ ಹುಚ್ಚರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದೆ. ಒಬ್ಬ ಮಾರಿಸ್ ಅಂದ, ಒಬ್ಬ ಆಸ್ಟಿನ್ ಅಂದ, ಇನ್ನೊಬ್ಬ ಕೋಳಿಗಳು ನಾಟಿಯವು ಅಂದ. ಅವನೊಬ್ಬನದೇ ಸರಿಯಿತ್ತು.

ಒಂದೊಂದು ಹೆಸರಿಗೂ ಫೋನಿನಲ್ಲಿ ಸದ್ದು ಹುಡುಕಿ ಕೇಳಿಸಿದೆ. ಅಜ್ಜ ಕಿವಿಗೊತ್ತಿಕೊಂಡು ಕೇಳಿ, “ಅದಲ್ಲ ಕಣೋ,” ಅನ್ನುತ್ತಿದ್ದರು.

ಕೊನೆಗೆ ಅವರೇ ದಾರಿ ಹೇಳಿದರು. “ಊರವರನ್ನೆಲ್ಲ ಅಣಕಿಸ್ತೀಯ. ಚರ್ಚಿನ ಫಾದರ್ ಕೆಮ್ಮನ್ನೂ ಬಿಟ್ಟಿಲ್ಲ. ಇದನ್ನೂ ಮಾಡು, ನಾ ತಿದ್ತೀನಿ.”

ಸಂಜೆ ಸಂಜೆ ಕೋಳಿಗಳನ್ನು ಓಡಿಸಿ ಇಬ್ಬರೂ ಆ ಬಾಡಿಯೊಳಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆವು. ನನ್ನ ಮೊದಲ ಪ್ರಯತ್ನ ಕೇಳಿದ ಅಮ್ಮ, ಮಿಕ್ಸಿ ಕೆಟ್ಟಿತೆಂದು ಅಡುಗೆಮನೆಗೆ ಓಡಿದ್ದಳು. “ಏರು ಹತ್ತೋವಾಗ ಹಂಗಲ್ಲ, ಗಂಟ್ಲಲ್ಲಿ ಅನ್ನ ಸಿಕ್ದಂಗೆ,” ಅಂತ ಅಜ್ಜ ತಿದ್ದುತ್ತಿದ್ದರು. ಒಂದು ದಿನ ಕಣ್ಣು ಮುಚ್ಚಿದರು. ಎರಡೂ ಕೈ ತಾವಾಗಿಯೇ ಮೇಲೆದ್ದವು, ಸ್ಟೀರಿಂಗ್ ಹಿಡಿದ ಯಾರದೋ ತೋಳನ್ನು ಹಿಡಿದುಕೊಳ್ಳುವಂತೆ. ಉಸಿರು ಕಟ್ಟುವವರೆಗೂ ನಾನು ನಿಲ್ಲಿಸಲಿಲ್ಲ...

“ಹತ್ರ ಬಂದಿತ್ತು,” ಅಂದರು. “ಅದಲ್ಲ.”

ಆಮೇಲೆ ಒಂದು ಸಂಜೆ ನಾನು ಕರೆದರೂ ಅಜ್ಜ ಜಗಲಿಯಿಂದ ಏಳಲಿಲ್ಲ. “ಸಾಕು ಬಿಡು ಮಾರಾಯ. ಈಗ ಕಣ್ ಮುಚ್ಚಿದ್ರೆ ನಿಂದೇ ಕೇಳ್ತದೆ. ಅಪ್ಪಂದು ಕೇಳಾಕಿಲ್ಲ.”

ನಾನು ಏನೋ ಜೋಕು ಹೇಳಿದೆ. ಅಜ್ಜ ನಗಲಿಲ್ಲ. ಮತ್ತೆ ಆ ಕಡೆ ಹೋಗಲೂ ಇಲ್ಲ. ಅವರು ತೀರಿಕೊಂಡ ಮೇಲೆ ಆ ಬಾಡಿಯನ್ನು ಗ್ಯಾಸ್ ಕಟರಿನಲ್ಲಿ ತುಂಡು ಮಾಡಿ ಒಯ್ದರು.

“ಯಾವ ಗಾಡೀದೋ ಅದು?” ಗುಜರಿಯವನು ನನ್ನ ಕೈಯಲ್ಲಿದ್ದ ತಗಡು ನೋಡಿ ಕೇಳಿದ. ಗೊತ್ತಿಲ್ಲ ಅನ್ನುವ ಬದಲು ಆ ಸದ್ದು ಮಾಡಿದೆ, ಗಂಟಲಲ್ಲಿ ಅನ್ನ ಸಿಕ್ಕಿದಂತೆ, ಏರು ಹತ್ತಿಸಿ. ಅಂಗಡಿಯವರೆಲ್ಲ ಕೆಲಸ ಬಿಟ್ಟು ನಕ್ಕರು. “ಸೇಮ್ ಟು ಸೇಮ್ ಹಳೇ ಕಾರೇ ಕಣೋ,” ಅಂದ ಒಬ್ಬ.

ಸ್ವಲ್ಪ ಹೊತ್ತು ಕಾದೆ. ಅದಲ್ಲ ಅಂತ ಯಾರೂ ಅನ್ನಲಿಲ್ಲ.