ಪರದೆಯ ಮೇಲೆ ಅಮ್ಮನ ಜಾಗ

ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಕೆ.ಆರ್. ಪುರದ ಹಳೇ ಊರಿನಲ್ಲಿ ನಮ್ಮದು ಒಂದು ಕಾಲಕ್ಕೆ ಸೊಪ್ಪು, ತರಕಾರಿ ಬೆಳೆಯುತ್ತಿದ್ದ ಮನೆ. ಆ ಹೊತ್ತಿಗಾಗಲೇ ಹೊಲವಿದ್ದ ಕಡೆ ಬಾಡಿಗೆ ಮನೆಗಳ ಸಾಲು ಎದ್ದಿತ್ತು. ನಮ್ಮವರ ಬಾಯಲ್ಲಿ ವಂಶವೃಕ್ಷ ಅನ್ನುವುದು ಜಮೀನಿಗೆ ಸಂಬಂಧಿಸಿದ ಮಾತು. ಭಾಗ ಮಾಡುವಾಗಲೋ ಮಾರುವಾಗಲೋ ಛಾಪಾ ಕಾಗದದ ಮೇಲೆ ಬರೆಸುವಂಥದ್ದು. ಅಂಥದೊಂದನ್ನು ನಾನು ನೋಡಿದ್ದೆ. ಅದರಲ್ಲಿ ಅಮ್ಮ ಒಂದು ಸಾಲು, ಕೊನೆಗೆ ‘ಮೃತ’ ಎಂಬ ಪದ, ಅಷ್ಟೇ ಆಗಿದ್ದಳು.

ಅಮ್ಮ ಹೋದಾಗ ನಾನು ಮೂರು ವರ್ಷದ ಹುಡುಗಿ. ಬಸ್ಸು ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ತಾರೀಖು ಹಾಕಿ ದಿನಚರಿಯಲ್ಲಿ ಬರೆಯುವ ನನಗೆ ಆಕೆಯ ಬಗ್ಗೆ ಬರೆಯಲು ಏನೂ ಇರಲಿಲ್ಲ. ಹೀಗಾಗಿ ನಮ್ಮ ಮನೆತನವನ್ನು ಕಂಪ್ಯೂಟರಿನಲ್ಲಿ ಬಿಡಿಸಬೇಕು, ಅದರಲ್ಲಿ ಅಮ್ಮನಿಗೆ ಫೋಟೋ ಸಮೇತ ಒಂದು ಚೌಕ ಇರಬೇಕು ಎಂದು ಹೊರಟೆ.

ಮರ್ಫಿ ಟೌನಿನ ಗೆಳೆಯನೊಬ್ಬ ಇಂದಿರಾನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದ. ವಂಶವೃಕ್ಷ ಬಿಡಿಸುವ ಮೂರು ಸಾಫ್ಟ್‌ವೇರ್‌ಗಳ ಟ್ರಯಲ್ ಆವೃತ್ತಿಗಳನ್ನು ಸಿ.ಡಿ.ಗೆ ಹಾಕಿ ಮನೆಗೇ ತಂದುಕೊಟ್ಟ. “ಮೂರ್ನೂ ನೋಡು. ಯಾವ್ದು ಬೇಕು ಹೇಳು, ಪೂರ್ತಿದು ತರಿಸೋಣ,” ಎಂದ. ನಾನು ದಿನಚರಿಯ ಒಂದು ಪುಟಕ್ಕೆ ಗೆರೆ ಎಳೆದು, ಕನ್ನಡ ಅಕ್ಷರ ಬರುತ್ತದೆಯೇ, ಫೋಟೋ ಹಾಕಬಹುದೇ, ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ತಕರಾರು ಮಾಡುತ್ತದೆಯೇ ಎಂದು ಕಾಲಂ ಹಾಕಿಕೊಂಡೆ.

ಮೊದಲನೆಯದು ಅಪ್ಪ, ಅಮ್ಮನನ್ನು ಜೋಡಿಸುವಾಗಲೇ ನಿಂತುಬಿಟ್ಟಿತು. ಅಮ್ಮ ಅಪ್ಪನಿಗೆ ಸ್ವಂತ ಅಕ್ಕನ ಮಗಳು. ನಮ್ಮಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಸಾಫ್ಟ್‌ವೇರ್ ಮಾತ್ರ ಹಳದಿ ತ್ರಿಕೋನವೊಂದನ್ನು ತೋರಿಸಿ, ಇವರಿಬ್ಬರೂ ಆಗಲೇ ಸಂಬಂಧಿಕರು, ಎಲ್ಲೋ ತಪ್ಪಾಗಿರಬೇಕು ಎಂದಿತು. ಒತ್ತಾಯ ಮಾಡಿ ಸೇರಿಸಿದರೂ ಅಮ್ಮನ ಹೆಸರಿನ ಪಕ್ಕ ಆ ತ್ರಿಕೋನ ಹೋಗಲಿಲ್ಲ.

“ಅಮೆರಿಕದೋರು ಮಾಡಿರೋದು ಗುರು, ಸೋದರಮಾವ ಅಂದ್ರೆ ಅವ್ರಿಗೇನ್ ಗೊತ್ತು,” ಎಂದು ಗೆಳೆಯ ನಕ್ಕ. “ನಮ್ ತಮಿಳ್ರಲ್ಲೂ ಹಿಂಗೇ. ನಮ್ ಮನೇದು ಹಾಕಿದ್ರೆ ಕಂಪ್ಯೂಟರೇ ಕೈ ಮುಗಿದ್ಬಿಡತ್ತೆ.”

ಎರಡನೆಯದು ಎಲ್ಲ ಕಾಲಂಗಳಲ್ಲೂ ಪಾಸಾಯಿತು. ಇಡೀ ಮನೆತನ ಒಂದೇ ಪರದೆಯ ಮೇಲೆ ಹರಡಿತು. ಅದನ್ನು ನೋಡಲು ಅಪ್ಪನನ್ನೂ ಅಜ್ಜಿಯನ್ನೂ ಕರೆದೆ. ಅಜ್ಜಿ ಎಂದರೆ ಅಪ್ಪನ ಆ ಅಕ್ಕ, ನನ್ನ ಅಮ್ಮನನ್ನು ಹೆತ್ತವಳು. ಹಲಸೂರಿಗೆ ಮದುವೆಯಾಗಿ ಹೋಗಿದ್ದಳು. ಮಗಳು ಹೋದ ಮೇಲೆ ನನ್ನನ್ನು ಸಾಕಲೆಂದು ತವರಿಗೆ ವಾಪಸು ಬಂದಿದ್ದಳು. ಅಕ್ಕ, ತಮ್ಮ ಇಬ್ಬರೂ ಒಂದೇ ಸೂರಿನಡಿ ಅಷ್ಟು ವರ್ಷ ಇದ್ದೂ ಅಮ್ಮನ ಮಾತೆತ್ತುತ್ತಿರಲಿಲ್ಲ.

ಅಜ್ಜಿ ಕನ್ನಡಕ ಏರಿಸಿಕೊಂಡು ಎಡತುದಿಯ ತನ್ನ ಚೌಕವನ್ನು ಗುರುತಿಸಿದಳು.

“ನನ್ ಮಗ್ಳು ಎಲ್ಲೇ?”

ಬಲತುದಿಯಲ್ಲಿ ಅಪ್ಪನ ಪಕ್ಕ ಇದ್ದ ಫೋಟೋ ತೋರಿಸಿದೆ. ಅಜ್ಜಿಯಿಂದ ಅಲ್ಲಿಯವರೆಗೆ ಒಂದು ಸಣ್ಣ ಗೆರೆ ಹರಿದಿತ್ತು.

“ಅಷ್ಟ್ ದೂರ ಯಾಕಾಕಿದ್ದೀಯ? ಮಧ್ಯ ಇವ್ರೆಲ್ಲ ಯಾರು?”

“ದೊಡ್ಡಪ್ಪಂದಿರು ಅಜ್ಜಿ. ಅವ್ರ ಮಕ್ಳು.”

“ಈ ದಂಡೆಲ್ಲ ದಾಟ್ಕೊಂಡ್ ಹೋಗ್ಬೇಕಾ ನಾನು ಅವಳ್ ಹತ್ರ?”

ಗೆಳೆಯ ಉಪಕಾರ ಮಾಡುವವನಂತೆ ಅಮ್ಮನ ಚೌಕವನ್ನು ಮೌಸಿನಿಂದ ಎಳೆದು ಅಜ್ಜಿಯ ಕೆಳಗೆ ತಂದಿಟ್ಟ. ಅಪ್ಪ ಒಂಟಿಯಾದ. ಅವನ ಕೆಳಗೆ ನಾನೊಬ್ಬಳು ಉಳಿದೆ.

ಬಾಗಿಲಿಗೆ ಒರಗಿ ನಿಂತಿದ್ದ ಅಪ್ಪ, “ಅದನ್ನ ಇದ್ದ ಕಡೇನೇ ಇಡಪ್ಪ,” ಎಂದ.

“ಹೆತ್ತೋಳು ನಾನು ಕಣೋ.”

“ನೀನೇ ಕೊಟ್ಟಿದ್ದಲ್ವಾ ಅಕ್ಕ, ನಂಗೆ.”

“ಕೊಟ್ಟೆ. ಉಳಿಸ್ಕೊಂಡ್ಯಾ?”

ಅಪ್ಪ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗೆಳೆಯನೂ, “ಟಿನ್ ಫ್ಯಾಕ್ಟರಿ ಸ್ಟಾಪಲ್ಲಿ ಬಸ್ಸು ರಶ್ ಆಗ್ಬಿಡತ್ತೆ,” ಎಂದು ಎದ್ದ. ಅಂದಿನಿಂದ ಅಜ್ಜಿ ತಮ್ಮನಿಗೆ ಊಟವನ್ನು ನನ್ನ ಮೂಲಕವೇ ಬಡಿಸತೊಡಗಿದಳು. “ನಿಮ್ಮಪ್ಪಂಗೆ ಸಾರು ಬೇಕಾ, ಕೇಳು” ಅನ್ನುವಳು. ಅಪ್ಪ ಎದುರಿಗೇ ಕೂತಿರುತ್ತಿದ್ದ.

ಮೂರನೆಯ ಸಾಫ್ಟ್‌ವೇರ್ ನೋಡುವ ಮನಸ್ಸಿರಲಿಲ್ಲ. ಆದರೆ ಅದರ ಕಾಲಂ ಖಾಲಿ ಬಿಡಲು ನನ್ನಿಂದಾಗಲಿಲ್ಲ. ಅದು ಕೆಲಸಕ್ಕೆ ಬಾರದ್ದು. ಕನ್ನಡ ಬರಲಿಲ್ಲ, ಎಲ್ಲರ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕಾಯಿತು. ಮುಗಿಸಿ ನೋಡಿದರೆ ಅಮ್ಮ ಎರಡು ಕಡೆ ಇದ್ದಳು: ಒಮ್ಮೆ ಅಜ್ಜಿಯ ಕೆಳಗೆ ಮಗಳಾಗಿ, ಇನ್ನೊಮ್ಮೆ ಅಪ್ಪನ ಪಕ್ಕ ಹೆಂಡತಿಯಾಗಿ. ನಾನೇ ಎರಡು ಸಲ ಸೇರಿಸಿರಬೇಕೆಂದು ಒಂದನ್ನು ಅಳಿಸಿದೆ. ಎರಡೂ ಹೋದವು. ಮತ್ತೆ ಸೇರಿಸಿದೆ, ಎರಡೂ ಬಂದವು. ಒಂದೊಂದು ಕವಲನ್ನೂ ಬೇರೆಬೇರೆಯಾಗಿ ಬಿಡಿಸುವ ಅದಕ್ಕೆ, ಎರಡು ಕಡೆಗೂ ಸೇರಿದವಳನ್ನು ಒಂದು ಕಡೆ ನಿಲ್ಲಿಸಲು ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಮತ್ತೆ ಕರೆದೆ. ಅಜ್ಜಿಗೆ ಅಕ್ಷರ ತಿಳಿಯಲಿಲ್ಲ, ಫೋಟೋ ತಿಳಿಯಿತು.

“ಇಲ್ಲೂ ಅವಳೇ, ಅಲ್ಲೂ ಅವಳೇನಾ?”

“ತಪ್ಪು ತೋರಿಸ್ತಾ ಐತೆ ಇದು,” ಎಂದ ಅಪ್ಪ.

“ಇರ್ಲಿ ಬಿಡೋ. ನಿನ್ ಹತ್ರಾನೂ ಅವ್ಳೆ.”

ಅಷ್ಟು ದಿನಗಳ ಮೇಲೆ ಅಕ್ಕ ತಮ್ಮನಿಗೆ ನೇರವಾಗಿ ಆಡಿದ ಮಾತು ಅದು. ಅಪ್ಪ ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತ.

ಮೂರನೆಯದನ್ನೇ ಆರಿಸಿದೆ ಎಂದು ಫೋನಿನಲ್ಲಿ ಹೇಳಿದಾಗ ಗೆಳೆಯ, “ಮೂರರಲ್ಲೇ ಡಬ್ಬಾ ಅದು ಮಗಾ. ತಲೆ ಕೆಟ್ಟಿದ್ಯಾ?” ಎಂದ. ನಮಗೆ ಅದೇ ಸರಿಹೋಗತ್ತೆ ಎಂದೆ. ನನ್ನ ಕಾಲಂಗಳಲ್ಲಿ ಅದಕ್ಕೆ ಬಿದ್ದಿದ್ದ ಇಂಟು ಮಾರ್ಕುಗಳನ್ನು ಹಾಗೆಯೇ ಬಿಟ್ಟೆ.

ನಾನಿದ್ದದ್ದು ಅಪ್ಪನ ಪಕ್ಕದ ಅಮ್ಮನ ಕೆಳಗೆ ಮಾತ್ರ. ಅಜ್ಜಿಯ ಕೆಳಗಿದ್ದ ಅಮ್ಮನಿಗೆ ಮುಂದಿನ ಗೆರೆಯೇ ಇರಲಿಲ್ಲ. ಅಲ್ಲಿ ಅವಳು ಹಲಸೂರಿನ ಒಬ್ಬ ಹುಡುಗಿ, ನನ್ನನ್ನು ಇನ್ನೂ ಹೆರದವಳು. ಕಂಪ್ಯೂಟರ್ ಹಾಕಿದಾಗಲೆಲ್ಲ ನಾನು ಹೆಚ್ಚು ಹೊತ್ತು ನೋಡುತ್ತಿದ್ದುದು ಅವಳನ್ನೇ. ಆ ಚೌಕದಲ್ಲಿ ಒತ್ತಿದರೆ ಹೆಸರು, ಅಂದಾಜಿನ ಹುಟ್ಟಿದ ವರ್ಷ. ಅವಳಿಗೆ ಯಾವ ತಿಂಡಿ ಇಷ್ಟ, ಯಾರ ಜೊತೆ ಜಗಳ, ಒಂದೂ ಅಲ್ಲಿಲ್ಲ.

ಒಂದು ಸಂಜೆ ಕೇಳಿಯೇಬಿಟ್ಟೆ. “ಅಜ್ಜಿ, ನನ್ನಷ್ಟು ದೊಡ್ಡೋಳಿದ್ದಾಗ ಅಮ್ಮ ಹೆಂಗಿದ್ಲು?”

ಅಜ್ಜಿ ಪೇಪರ್ ಓದುತ್ತಿದ್ದ ತಮ್ಮನ ಕಡೆ ನೋಡಿದಳು. ಅಪ್ಪ ಪೇಪರ್ ಮಡಚಿದ.

“ಹೇಳಕ್ಕ,” ಎಂದ. “ನಂಗೂ ಆವಾಗಿಂದು ಅಷ್ಟಾಗಿ ಗೊತ್ತಿಲ್ಲ.”