ಎಡಗೈಯ ಕೋವಿ

ನನ್ನ ಮಗಳು ಎಡಚಿ. ಊಟಕ್ಕೆ ಬಲಗೈ, ಉಳಿದ ಎಲ್ಲದಕ್ಕೂ ಎಡಗೈ ಎಂದು ನನ್ನ ಅಮ್ಮನ ಜೊತೆ ಸಣ್ಣವಳಿರುವಾಗಲೇ ರಾಜಿ ಮಾಡಿಕೊಂಡವಳು. ಕಾಲೇಜಿಗೆ ಹೋದ ಮೇಲೆ ರೈಫಲ್ ಶೂಟಿಂಗ್ ಹುಚ್ಚು ಹತ್ತಿತು. ಕ್ಲಬ್ಬಿನ ರೈಫಲ್‌ಗಳಿಗೆಲ್ಲ ಬೋಲ್ಟ್ ಬಲಗಡೆ. ಒಂದು ಗುಂಡು ಹಾರಿದ ಮೇಲೆ ಬೋಲ್ಟ್ ಎಳೆದು ಇನ್ನೊಂದನ್ನು ತುಂಬಬೇಕಲ್ಲ, ಅದಕ್ಕೆ ಇವಳು ಎಡಗೈಯನ್ನು ಕೋವಿಯ ಮೇಲಿಂದ ಆಚೆ ದಾಟಿಸಬೇಕು. ಅಷ್ಟರಲ್ಲಿ ಮಲಗಿದ ಭಂಗಿ ಕೆಟ್ಟಿರುತ್ತದೆ. ಜಗತ್ತಿನ ಕೋವಿಗಳನ್ನೆಲ್ಲ ಬಲಗೈಯವರೇ ಸೇರಿ ಮಾಡಿದ್ದಾರೆ ಎಂದು ಅವಳು ಸಿಡುಕುತ್ತಿದ್ದಳು. ನನಗೂ ಹಾಗೇ ಅನಿಸುತ್ತಿತ್ತು.

ಕೊನೆಗೆ ಹೊರದೇಶದಿಂದ ಎಡಗೈಯವರ ಆ್ಯಕ್ಷನ್ ಒಂದನ್ನು ತರಿಸಿದೆವು. ಆ್ಯಕ್ಷನ್ ಎಂದರೆ ಬೋಲ್ಟ್ ಓಡಾಡುವ ಉಕ್ಕಿನ ಗೂಡು. ಕೋವಿಗೆ ಜೀವ ಇರುವುದು ಅಲ್ಲೇ. ಪರವಾನಗಿಗೆ ಅಲೆದ ಕತೆ ಹೇಳಿ ಪ್ರಯೋಜನವಿಲ್ಲ. ಅದಕ್ಕೆ ನಳಿಗೆ ಕೂರಿಸಿದ್ದು ಲೈಸೆನ್ಸ್ ಇರುವ ರಿಪೇರಿಯವರು. ಮರದ ಭಾಗ ಮಾತ್ರ ನನ್ನ ಕೈಯದು. ಬೋಳಾರದಲ್ಲಿ ಮನೆಯ ಎದುರೇ ನನ್ನ ಪೀಠೋಪಕರಣದ ವರ್ಕ್‌ಶಾಪ್. ಒಣಗಿದ ಹಲಸಿನ ಮರ ಆರಿಸಿ, ಮಗಳ ಕೆನ್ನೆ ಎಲ್ಲಿ ಕೂರುತ್ತದೆ, ಭುಜ ಎಲ್ಲಿ ತಾಗುತ್ತದೆ ಎಂದು ನೋಡಿ ನೋಡಿ ಕೆತ್ತಿದೆ. ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದ ಸಲೀಸಾಗಿ ಓಡುವಷ್ಟು ಸಂದು ಬೇಕು. ಮರ ಎಲ್ಲಾದರೂ ನಳಿಗೆಯನ್ನು ಒತ್ತಿದರೆ ಗುರಿ ಹೋಯಿತು.

ಜೂನಿಯರ್ ವಿಭಾಗದಲ್ಲಿ ಅವಳಿಗೆ ಅದು ಕೊನೆಯ ವರ್ಷ. ಆಯ್ಕೆ ಸ್ಪರ್ಧೆ ವಿಜಯದಶಮಿಯ ಮರುದಿನ. ಆಯುಧಪೂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು, ಮರದ ಒಳಗಡೆಗೆ ಎಣ್ಣೆಯ ಕೊನೆಯ ಕೈ ಒಂದು ಬಾಕಿ. ಪೂಜೆಗೆ ಉಳಿ, ಕೀಸುಳಿ, ಮೆಷಿನುಗಳ ಸಾಲಿನಲ್ಲಿ ಕೋವಿಯನ್ನೂ ಇಡಬೇಕೆಂದು ಅಮ್ಮನ ಹಟ. ಇಟ್ಟೆ. ಇಡದೆ ಉಂಟೇ?

ಉಳಿಗಳಿಗೆಲ್ಲ ಮಾವಿನೆಲೆಯಲ್ಲಿ ನಾಲ್ಕು ಹನಿ ಚಿಮುಕಿಸಿದ ಅಮ್ಮ, ಕೋವಿಯ ಹತ್ತಿರ ಬಂದವರೇ ಕಲಶವನ್ನೇ ಬಗ್ಗಿಸಿಬಿಟ್ಟರು. ಮೊಮ್ಮಗಳ ಕೋವಿಯಲ್ಲವೇ, ಪ್ರೀತಿ ಉಕ್ಕಿತ್ತು. ನೀರು ನಳಿಗೆಯ ಉದ್ದಕ್ಕೂ ಹರಿದು ಸಂದಿನೊಳಗೆ ಇಳಿಯಿತು. ನಾನು ಒರೆಸುವ ಬಟ್ಟೆ ಎತ್ತಿಕೊಂಡೆ.

"ಅಮ್ಮಾ, ಒಳಗಿನ ಮರಕ್ಕೆ ಎಣ್ಣೆ ಪೂರ್ತಿ ಕೊಟ್ಟಾಗಲಿಲ್ಲ, ನೀರು ಕುಡಿದ್ರೆ ಉಬ್ಬುತ್ತದೆ. ಒಮ್ಮೆ ಬಿಚ್ಚಿ ಒರೆಸ್ತೇನೆ."

"ಎಂತ ಮಾರಾಯ ನಿಂದು? ಪೂಜೆಗಿಟ್ಟದ್ದನ್ನು ನಾಳೆವರೆಗೆ ಎತ್ತುದುಂಟಾ? ದೇವರ ನೀರಲ್ಲಿ ಯಾವ ಮರ ಹಾಳಾಗಿದೆ?"

ಮಗಳು ನನ್ನ ಮುಖ ನೋಡಿದಳು. ಅಮ್ಮನ ಎದುರು ನಾನು ಈ ವಯಸ್ಸಿನಲ್ಲೂ ಬಾಯಿ ಸತ್ತವನೇ. ಅದೂ ಅವರು ಅಷ್ಟು ಸಂತೋಷದಿಂದ ಕೈಮುಗಿದು ನಿಂತಿದ್ದರು. ಬಟ್ಟೆಯನ್ನು ಹೆಗಲಿಗೆ ಹಾಕಿ ನಾನೂ ಕೈಮುಗಿದೆ.

ಮರುದಿನ ಪೂಜೆ ಮುಗಿಯುತ್ತಲೇ ಕೋವಿ ಎತ್ತಿ ಕಾಗದ ಹಾಕಿ ನೋಡಿದೆ. ಅರ್ಧಕ್ಕೇ ನಿಂತಿತು. ಬಿಚ್ಚಿ ಫ್ಯಾನಿನ ಕೆಳಗೆ ಇಟ್ಟೆ. ನಮ್ಮ ಕರಾವಳಿಯ ಗಾಳಿಯಲ್ಲಿ ಬೆವರೇ ಒಣಗುವುದಿಲ್ಲ, ಇನ್ನು ಮರ! ಉಬ್ಬಿದಲ್ಲಿ ಉಜ್ಜಿ ಹೇಗೋ ಕಾಗದ ದಾಟುವ ಹಾಗೆ ಮಾಡಿದೆ. ಒದ್ದೆ ಇರುವಾಗ ಉಜ್ಜಿದ ಮರ ಬಿಸಿಲಿಗೆ ಒಣಗುವಾಗ ಇನ್ನೊಂದು ದಿಕ್ಕಿಗೆ ಎಳೆಯುತ್ತದೆಂದು ಗೊತ್ತಿತ್ತು. ಗೊತ್ತಿದ್ದು ಮಾಡುವುದೇನು?

ಪಡೀಲ್ ದಾಟಿ ಇರುವ ಶೂಟಿಂಗ್ ರೇಂಜಿನಲ್ಲಿ ಸ್ಪರ್ಧೆಯ ದಿನ ರಣಬಿಸಿಲು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತೆ. ಸ್ಪರ್ಧೆ ಶುರುವಾದ ಮೇಲೆ ಮನೆಯವರು ಮಾತಾಡುವಂತಿಲ್ಲ. ಬೋಲ್ಟ್ ಅವಳ ಎಡಗೈಯಲ್ಲಿ ಬೆಣ್ಣೆಯ ಹಾಗೆ ಓಡುತ್ತಿತ್ತು, ಭಂಗಿ ಕದಲುತ್ತಿರಲಿಲ್ಲ. ಮೊದಲ ಗುಂಡುಗಳು ನಡುವಿಗೇ ಬಿದ್ದವು. ಆಮೇಲೆ ಒಂದೊಂದೇ ಬಲಕ್ಕೆ ಸರಿಯತೊಡಗಿದವು. ಅವಳು ಗುರಿ ತಿದ್ದಿಕೊಂಡಳು. ಸ್ವಲ್ಪ ಹೊತ್ತು ನಡುವಿಗೇ ಬಿದ್ದವು, ಮತ್ತೆ ಬಲಕ್ಕೆ ಜಾರಿದವು. ಮತ್ತೆ ತಿದ್ದಿದಳು. ಅವಳದೇನೂ ತಪ್ಪಿಲ್ಲ, ನನ್ನ ಮರ ಅಲ್ಲಿ ಒಣಗುತ್ತಾ ನಳಿಗೆಯನ್ನು ತಳ್ಳುತ್ತಿತ್ತು. ಎದ್ದು ಹೋಗಿ ಆ ಮರವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿಬಿಡಬೇಕು ಅನಿಸಿತು. ಕುರ್ಚಿಯ ಕೈ ಹಿಡಿದು ಕುಳಿತೆ.

ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ದಾರಿಯುದ್ದಕ್ಕೂ ಅವಳು ಕಾರಿನ ಗಾಜಿನಾಚೆ ನೋಡುತ್ತಿದ್ದಳು. "ಪಪ್ಪಾ, ಅಜ್ಜಿಗೆ ಎಂತದೂ ಹೇಳುದು ಬೇಡ," ಅಂದಳು.

ಅಮ್ಮ ಗೇಟಿನಲ್ಲೇ ಕಾಯುತ್ತಿದ್ದರು. "ಎಂತ ಆಯ್ತು ಮಗಾ?"

"ಆಗ್ಲಿಲ್ಲ ಅಜ್ಜಿ. ಗಾಳಿ ಜೋರಿತ್ತು."

ಅಮ್ಮನ ಮುಖ ಬಾಡಿತು. ಅವಳ ತಲೆ ಸವರಿದರು, ಸೆರಗಿನಿಂದ ಅವಳ ಬೆವರು ಒರೆಸಿದರು. ಮತ್ತೆ ನನ್ನ ಕಡೆ ತಿರುಗಿ, "ಗಾಳಿಗೆ ಯಾರು ಎಂತ ಮಾಡ್ಲಿಕ್ಕಾಗ್ತದೆ, ಅಲ್ವಾ?" ಎಂದರು.

"ಹೌದಮ್ಮ," ಅಂದೆ.